ಗಾಡಿಯ ತಳದಲ್ಲಿ ಎರಡು ಅಂಗೈ

ರಾಮಾಂಜಿನಪ್ಪ ಆ ಪಿಕಪ್ ಗಾಡಿಯನ್ನು ಕೊಂಡಿದ್ದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ಮುಂಚಿನ ಚಳಿಗಾಲದಲ್ಲಿ. ಗಾಡಿ ಹಳೆಯದು, ಆದರೆ ಇಂಜಿನ್ ಚೆನ್ನಾಗಿತ್ತು. ಕೊಡಿಸಿದವನು ವಿಜಯಪುರದ ದಲ್ಲಾಳಿ ಅಪ್ಪಯ್ಯಣ್ಣ.

"ಹೊಸಕೋಟೆ ಕಡೆ ಗಾಡಿ ಕಣಪ್ಪಾ. ಶುರುವಿಂದ ಒಂದೇ ಮನೇಲಿತ್ತು. ಈಗ ಓಡ್ಸೋರಿಲ್ಲ, ಅದಕ್ಕೆ ಕೊಡ್ತಾವ್ರೆ" ಎಂದಿದ್ದ ಅವನು.

ಕಾಗದದಲ್ಲಿ 'ಜವರಪ್ಪ, ಅನುಗೊಂಡನಹಳ್ಳಿ' ಎಂದಿತ್ತು. ಹೋಗಿ ಸಹಿ ಹಾಕಿಸಿಕೊಂಡು ಬಂದವನೂ ಅಪ್ಪಯ್ಯಣ್ಣನೇ. ಓಡಿಸುವವರು ಯಾಕಿಲ್ಲ ಎಂದು ರಾಮಾಂಜಿನಪ್ಪ ಕೇಳಲಿಲ್ಲ. ಗಾಡಿ ಸಿಕ್ಕಿದ ಖುಷಿಯಲ್ಲಿ ಅದು ಕೇಳಬೇಕಾದ ಮಾತು ಎಂದೂ ಅನಿಸಲಿಲ್ಲ.

ಚನ್ನರಾಯಪಟ್ಟಣ ಹೋಬಳಿಯ ಅವನ ಊರಿನ ಸುತ್ತ ಗುಲಾಬಿ ತೋಟಗಳಿದ್ದವು. ಬೆಳಗಿನ ಜಾವ ಹೂವಿನ ಕಟ್ಟುಗಳ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಬೆಂಗಳೂರಿನ ಮಾರುಕಟ್ಟೆಗೆ ಒಯ್ಯುವುದು ಅವನ ಕೆಲಸ. ದಾರಿಯುದ್ದಕ್ಕೂ ಗಾಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕೈದು ತಿಂಗಳಲ್ಲಿ ಬಾಗಿಲ ಕೆಳಗೆ ತುಕ್ಕು ಕಾಣಿಸಿಕೊಂಡಿತು. "ಮಳೆ ಹಿಡಿಯೋದ್ರೊಳಗೆ ತಳಕ್ಕೆ ಕೋಟಿಂಗ್ ಹೊಡ್ಸು. ಇಲ್ದಿದ್ರೆ ಒಂದಿನ ನಿನ್ ಕಾಲು ರೋಡಿಗೆ ತಗಲ್ತದೆ" ಎಂದ ಮೆಕ್ಯಾನಿಕ್ಕು. ವರ್ಕ್‌ಶಾಪಿನಲ್ಲಿ ಬಿಟ್ಟರೆ ನಾಲ್ಕು ದಿನ ಗಾಡಿ ಅವರ ಬಳಿಯೇ ಇರುತ್ತದೆ, ಯಾವಾಗ ಕೊಡುತ್ತಾರೋ ಹೇಳುವಂತಿಲ್ಲ. ಹಾಗಾಗಿ ತುಕ್ಕು ತಡೆಯುವ ಕಪ್ಪು ಕೋಟಿಂಗು ಒಂದು ಡಬ್ಬ, ಎರಡು ಬ್ರಶ್ಶು, ತುಕ್ಕು ಕೆರೆಯುವ ತಂತಿ ಬ್ರಶ್ಶು ತಂದು, ಮನೆಯಲ್ಲೇ ಮಾಡಿಕೊಳ್ಳಲು ನಿಂತ.

ಮೇ ತಿಂಗಳ ಒಂದು ಭಾನುವಾರ ಹಿತ್ತಲಿನ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಜಾಕಿ ಕೊಟ್ಟು ಎತ್ತಿದ. ರಾಮಾಂಜಿನಪ್ಪ ಹುಷಾರಿನ ಮನುಷ್ಯ. ಮನೆ ಕಟ್ಟಿದಾಗ ಉಳಿದಿದ್ದ ಸೈಜುಗಲ್ಲುಗಳನ್ನು ಉರುಳಿಸಿ ತಂದು ನಾಲ್ಕೂ ಕಡೆ ಪೇರಿಸಿ, ಗಾಡಿಯ ಭಾರವನ್ನೆಲ್ಲ ಕಲ್ಲಿನ ಮೇಲೆ ಕೂರಿಸಿದ ಮೇಲೆಯೇ ಚಕ್ರ ಬಿಚ್ಚಿದ್ದು. ಆಮೇಲೆ ಗೊಬ್ಬರದ ಖಾಲಿ ಚೀಲ ಹಾಸಿಕೊಂಡು, ಕೈಬ್ಯಾಟರಿ ಹಿಡಿದು, ಹಿಂಭಾಗದಿಂದ ಕೆಳಗೆ ತೂರಿದ.

ಹಿಂದೆ ಯಾರೋ ಒಮ್ಮೆ ಕೋಟಿಂಗ್ ಹೊಡೆದಿದ್ದರು. ಅಚ್ಚುಕಟ್ಟಾದ ಕೆಲಸ. ಮೂಲೆಮೂಲೆಗೂ ಬ್ರಶ್ಶು ಆಡಿತ್ತು. ಮೆತ್ತಿದ ಕೆಸರು ಕೆರೆದು ಒರೆಸಿದರೆ ಒಳಗೆ ತಗಡು ಇನ್ನೂ ಗಟ್ಟಿಯಾಗಿಯೇ ಇತ್ತು. ಯಾರು ಮಾಡಿದ್ದಾರೋ ಮನಸ್ಸಿಟ್ಟು ಮಾಡಿದ್ದಾರೆ ಎಂದುಕೊಳ್ಳುತ್ತ ರಾಮಾಂಜಿನಪ್ಪ ಬೆನ್ನ ಮೇಲೆ ಸರಿಯುತ್ತ ಸರಿಯುತ್ತ ಮುಂದಕ್ಕೆ ಬಂದ. ಕ್ಯಾಬಿನ್ನಿನ ಕೆಳಗೆ ಬರುವ ಹೊತ್ತಿಗೆ ಕೋಟಿಂಗ್ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಅಲ್ಲಿಂದಾಚೆಗೆ ಬರೀ ತಗಡು, ಬರೀ ತುಕ್ಕು. ಇಷ್ಟು ನೀಟಾಗಿ ಕೆಲಸ ಮಾಡಿದವನು ಇಲ್ಲಿ ಯಾಕೆ ಬಿಟ್ಟು ಎದ್ದುಹೋದ ಎಂದು ಅವನಿಗೆ ಅರ್ಥವಾಗಲಿಲ್ಲ.

ಆ ಅಂಚಿನ ಕೆಸರನ್ನು ಬಟ್ಟೆಯಿಂದ ಒರೆಸಿದ. ಅಲ್ಲೊಂದು ಅಂಗೈ ಇತ್ತು.

ಹಸಿ ಕೋಟಿಂಗಿನಲ್ಲಿ ಒತ್ತಿ, ಹಾಗೇ ಒಣಗಿಹೋದ ಬಲ ಅಂಗೈ. ಐದೂ ಬೆರಳು ಅಗಲಿಸಿಕೊಂಡಿದ್ದವು. ಬ್ಯಾಟರಿಯನ್ನು ಓರೆಯಾಗಿ ಹಿಡಿದರೆ ಕೈಗೆರೆಗಳು ಕೂಡ ಕಾಣುತ್ತಿದ್ದವು. ಪಕ್ಕದಲ್ಲಿ ಎಡ ಅಂಗೈ. ಕೆಲಸ ಮಾಡುವಾಗ ಆಸರೆಗೆ ಕೈ ಕೊಟ್ಟಿರಬೇಕು ಎಂದುಕೊಂಡ. ಇನ್ನಷ್ಟು ಒರೆಸಿದ. ಅದೇ ಕೈಗಳು ಮತ್ತೆ ಇದ್ದವು, ಸ್ವಲ್ಪ ಮುಂದಕ್ಕೆ, ಈ ಸಲ ಜಾರಿದಂತೆ, ಬೆರಳುಗಳು ಉದ್ದಕ್ಕೆ ಎಳೆದುಕೊಂಡು. ಆಮೇಲೆ ಮತ್ತೊಂದು ಜೊತೆ. ಅದರಾಚೆ ಬರೀ ತಗಡಿನ ಮೇಲೆ ಬೆರಳ ತುದಿಗಳು ಮಾತ್ರ.

ರಾಮಾಂಜಿನಪ್ಪ ಬ್ಯಾಟರಿಯನ್ನು ಎದೆಯ ಮೇಲಿಟ್ಟು ತನ್ನೆರಡೂ ಕೈ ಮೇಲಕ್ಕೆತ್ತಿದ. ಗಾಡಿ ಕಲ್ಲಿನ ಮೇಲೆ ಎತ್ತರದಲ್ಲಿದ್ದುದರಿಂದ ಬೆರಳ ತುದಿ ಮಾತ್ರ ತಗಲಿತು. ಅಂಗೈ ಪೂರಾ ಒತ್ತುವಂತಿರಲಿಲ್ಲ. ಹಾಗಾದರೆ ಆ ಮನುಷ್ಯನ ಅಂಗೈ ಹೇಗೆ ಒತ್ತಿತು ಎಂದು ಯೋಚಿಸುತ್ತಿರುವಾಗಲೇ ಉತ್ತರ ಹೊಳೆಯಿತು. ಗಾಡಿ ಇನ್ನೂ ಒಂದಡಿ ಕೆಳಗೆ, ಎದೆಯ ಮೇಲೇ ಇದ್ದಿದ್ದರೆ ಒತ್ತುತ್ತದೆ.

ಅಷ್ಟರಲ್ಲಿ ಪರೀಕ್ಷೆಗೆಂದು ಹಾರಾಡುತ್ತಿದ್ದ ವಿಮಾನವೊಂದು ತೀರ ಕೆಳಗೆ ಹಾದುಹೋಯಿತು. ತಲೆಯ ಮೇಲಿನ ತಗಡು ಗುಂಯ್ ಎಂದಿತು. ಅವನು ಹೇಗೆ ಈಚೆಗೆ ಬಂದನೋ ಅವನಿಗೇ ಗೊತ್ತಿಲ್ಲ. ಮೊಣಕೈ ತರಚಿಕೊಂಡು, ಬ್ಯಾಟರಿಯನ್ನು ಅಲ್ಲೇ ಬಿಟ್ಟು, ಬಾವಿಕಟ್ಟೆಯ ಮೇಲೆ ಕೂತು ಉಸಿರೆಳೆದುಕೊಂಡ.

ಹೆಂಡತಿ ಮುನಿರತ್ನ ಹಿತ್ತಲಿಗೆ ಬಂದಳು. "ಯಾಕ್ರೀ, ಹಾವೇನಾದ್ರೂ ಇತ್ತಾ?"

ಅವನು ಹೇಳಿದ. ಅವಳು ನಂಬಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾನೇ ಕೆಳಗೆ ತೂರಿದಳು. ಬಹಳ ಹೊತ್ತು ಅವಳ ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವನಿಗೆ ಅದನ್ನು ನೋಡುವುದಕ್ಕೂ ಆಗಲಿಲ್ಲ. "ಬಾ, ಸಾಕು, ಈಚೆಗ್ ಬಾ" ಎಂದು ಎರಡು ಸಲ ಕೂಗಿದ.

ಮುನಿರತ್ನ ಎದ್ದು ಬಂದವಳು ಕೈಯ ಮಣ್ಣು ಒದರಿದಳು. "ಗಂಡಸಿನ ಕೈ. ಮೇಲಕ್ಕೆ ತಳ್ಳವ್ನೆ" ಎಂದಳು. ಆಮೇಲೆ ಕ್ಯಾಬಿನ್ನಿನ ಬಾಗಿಲು ತೆಗೆದು ಒಳಗೆ ಇಣುಕಿ, ಎಲ್ಲಿಗೆ ಬರುತ್ತದೆ ಎಂದು ಅಂದಾಜು ಮಾಡಿದಳು. "ನೀವು ಕಾಲಿಡೋ ಜಾಗದ ಕೆಳಗೇ ಐತೆ."

ನಾಲ್ಕೈದು ತಿಂಗಳು ದಿನಾ ಬೆಳಿಗ್ಗೆ ಅವನು ಆ ಕೈಗಳ ಮೇಲೆ ಪಾದ ಊರಿಕೊಂಡು ಮಾರುಕಟ್ಟೆಗೆ ಹೋಗಿಬಂದಿದ್ದ. ಆ ಮಾತು ಕೇಳಿದ ಮೇಲೆ ಅಂಗಾಲಿನಲ್ಲಿ ಏನೋ ಶುರುವಾಯಿತು. ನೋವಲ್ಲ. ಯಾರೋ ಕೆಳಗಿನಿಂದ ಮೆಲ್ಲಗೆ ಒತ್ತಿ ಹಿಡಿದಂತೆ. ಮನೆಯೊಳಗೆ ನಡೆದರೂ ಅದು ಇತ್ತು, ಮಂಚದ ಮೇಲೆ ಕಾಲು ಚಾಚಿದರೂ ಇತ್ತು.

ಸೋಮವಾರ ಬಸ್ಸಿನಲ್ಲಿ ವಿಜಯಪುರಕ್ಕೆ ಹೋದ. ಅಪ್ಪಯ್ಯಣ್ಣ ಟೀ ಅಂಗಡಿಯ ಮುಂದೆ ಕೂತಿದ್ದ.

"ಅಣ್ಣ, ಆ ಗಾಡಿ ಕೆಳಗೆ ಯಾರು ಸತ್ತಿದ್ದು?"

ಅಪ್ಪಯ್ಯಣ್ಣ ಗ್ಲಾಸು ಕೆಳಗಿಟ್ಟ. ಯಾರು ಹೇಳಿದರು ಎಂದು ಕೇಳಲಿಲ್ಲ. "ಜವರಪ್ಪನ ಮಗ. ವಿಜಯ್ ಅಂತ. ಮನೇಲೇ ಕೋಟಿಂಗ್ ಹೊಡೀತಿದ್ನಂತೆ, ಜಾಕಿ ಜಾರ್ತು. ಒಂದೇ ಏಟಿಗೆ ಹೋಗ್ಬಿಟ್ಟ ಅಂದ್ರಪ್ಪಾ, ನರಳ್ಲಿಲ್ಲ. ಅದನ್ನ ಹೇಳಿದ್ರೆ ನೀನು ಗಾಡಿ ತಗತಿದ್ಯಾ? ಗಾಡೀದೇನ್ ತಪ್ಪು ಅದ್ರಲ್ಲಿ?"

ರಾಮಾಂಜಿನಪ್ಪ ಜಗಳವಾಡಲಿಲ್ಲ. ಒಂದೇ ಏಟಿಗೆ ಹೋದವನು ಅಷ್ಟು ಸಲ ತಳ್ಳುವುದಿಲ್ಲ ಎಂದು ಹೇಳಬೇಕೆನಿಸಿತು. ಬಸ್ಸಿನ ಕಡೆ ತಿರುಗಿ ನಡೆದ.

ಮನೆಗೆ ಬಂದರೆ ಗಾಡಿ ಹಾಗೇ ಕಲ್ಲುಗಳ ಮೇಲೆ ನಿಂತಿತ್ತು. "ಕೆರ್ದು ಬಳ್ದು ಮುಗ್ಸಿ. ಒಂದು ಪೂಜೆ ಮಾಡ್ಸಣ" ಎಂದಳು ಮುನಿರತ್ನ. ಅವನು ತಂತಿ ಬ್ರಶ್ಶು ಹಿಡಿದು ಕೆಳಗೆ ಹೋದ. ಆ ಅಂಗೈಯ ಮುಂದೆ ಬ್ರಶ್ಶು ಎತ್ತಿದ ಕೈ ಹಾಗೇ ನಿಂತಿತು. ಆ ಮನುಷ್ಯನದು ಎಂದು ಭೂಮಿಯ ಮೇಲೆ ಉಳಿದಿರುವುದು ಇಷ್ಟೇ ಇರಬಹುದು. ಅವರ ಮನೆಯವರನ್ನು ಒಂದು ಮಾತು ಕೇಳದೆ ಉಜ್ಜಿ ಹಾಕಲು ನಾನು ಯಾರು ಅನಿಸಿತು. ಕೆಳಗಿನಿಂದ ಎದ್ದು ಬಂದು, "ಅನುಗೊಂಡನಹಳ್ಳಿಗೆ ಹೋಗ್ಬರ್ತೀನಿ" ಎಂದ.

ಜವರಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಅಗಲವಾದ ಅಂಗಳ, ಒಂದು ಕಡೆ ರಾಗಿ ಹುಲ್ಲಿನ ಬಣವೆ. ಅಂಗಳದ ನಡುವೆ ಒಂದು ಜಾಗದಲ್ಲಿ ಸಗಣಿ ಸಾರಿಸಿದ್ದರೂ ಕಪ್ಪು ಕಲೆಗಳು ಮಾಸಿರಲಿಲ್ಲ. ರಾಮಾಂಜಿನಪ್ಪ ಅದನ್ನು ದಾಟದೆ ಬಳಸಿಕೊಂಡು ಹೋದ.

ಬಾಗಿಲಿಗೆ ಬಂದವಳು ಸೊಸೆ ಆಶಾರಾಣಿ. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಗಾಡಿ ಕೊಂಡವನು, ಕಾಗದದ ವಿಷಯ ಸ್ವಲ್ಪ ಕೇಳಬೇಕಿತ್ತು ಎಂದು ಅವನು ಸುಳ್ಳು ಹೇಳಿದ. ಅವಳು ಚಾಪೆ ಹಾಸಿ ನೀರು ಕೊಟ್ಟಳು. "ಮಾವ ತ್ವಾಟದಿಂದ ಬತ್ತಾವ್ರೆ, ಕೂತ್ಕಳಿ ಅಣ್ಣ" ಎಂದಳು. ಗೋಡೆಯ ಮೇಲೆ ವಿಜಯನ ಫೋಟೋ ಇತ್ತು. ನಗುಮುಖ. ಫೋಟೋದಲ್ಲಿ ಕೈಗಳು ಕಾಣುತ್ತಿರಲಿಲ್ಲ. ರಾಮಾಂಜಿನಪ್ಪನ ಕಣ್ಣು ಮತ್ತೆ ಮತ್ತೆ ಆ ಚೌಕಟ್ಟಿನ ಕೆಳಗಿನ ಅಂಚಿಗೇ ಹೋಗುತ್ತಿತ್ತು.

ಅವಳೇ ಕೇಳಿದಳು. "ಗಾಡಿ ಚೆನ್ನಾಗಿ ಓಡ್ತಾ ಐತಾ?"

"ಚೆನ್ನಾಗಿದೆ ಕಣಮ್ಮ."

"ಪ್ರಾಣ ಇಟ್ಕಂಡಿದ್ರು ಅದ್ರ ಮೇಲೆ. ಕೋಳಿ ಗೊಬ್ಬರ ತುಂಬೋದಲ್ವಾ, ತುಕ್ಕು ಹಿಡೀತದೆ ಅಂತ ಯಾವಾಗ್ಲೂ ಅದೇ ಚಿಂತೆ. ಆವತ್ತು ನಾನು ಒಳ್ಗೆ ಮಿಕ್ಸಿ ಹಾಕಿದ್ದೆ. ಹಬ್ಬದ ಹಿಂದಿನ ದಿನ. ಒಂದೊಂದ್ಸಲ ಅನ್ಕತೀನಿ, ಏನಾದ್ರೂ ಕೂಗಿರ್ತಾರಾ, ನಂಗೆ ಕೇಳಿಸ್ಲಿಲ್ವಾ ಅಂತ. ಮಾವ ಹೇಳಿದ್ರು, ಏಟು ಬೀಳ್ತಿದ್ದಂಗೆ ಹೋಗ್ಬಿಟ್ಟ, ಕೂಗೋಕೆ ಟೈಮೇ ಇರ್ಲಿಲ್ಲ ಅಂತ. ಆಸ್ಪತ್ರೇಲೂ ಹಂಗೇ ಅಂದ್ರಂತೆ. ಅದೊಂದು ಇಲ್ದಿದ್ರೆ ನಾನು ಬದ್ಕಿರ್ತಿರ್ಲಿಲ್ಲ ಅಣ್ಣ."

ಆ ಕೈಗಳ ವಿಷಯ ಇವಳ ಮುಂದೆ ಎತ್ತುವಂತಿಲ್ಲ ಎಂದು ರಾಮಾಂಜಿನಪ್ಪನಿಗೆ ತಿಳಿಯಿತು. ನೀರಿನ ಲೋಟ ಎತ್ತಿಕೊಂಡ. ಅದು ಖಾಲಿಯಾಗಿತ್ತು.

ಜವರಪ್ಪ ಬಂದ. ಅರವತ್ತು ದಾಟಿದ, ಒಣಕಲು, ನೆಟ್ಟಗೆ ನಡೆಯುವ ಮುದುಕ. ಗಾಡಿ ಕೊಂಡವನು ಎಂದು ತಿಳಿದ ಕೂಡಲೇ ಅವನ ಮುಖ ಬಿಗಿದುಕೊಂಡಿತು. ವಿಮೆಯ ಕಾಗದ, ಅದು ಇದು ಎಂದು ಎರಡು ಮಾತಾಡಿ ರಾಮಾಂಜಿನಪ್ಪ ಎದ್ದ. "ಬಸ್‌ಸ್ಟಾಪ್ ತಂಕ ಬತ್ತೀನಿ ನಡಿ" ಎಂದ ಜವರಪ್ಪ.

ಬಸ್‌ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಮುದುಕ ರಸ್ತೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದ.

"ಗಾಡಿ ಕೆಳಗೆ ನುಗ್ಗಿದ್ಯೇನಪ್ಪಾ?"

"ಹೂಂ ಯಜಮಾನ್ರೆ."

"ಕೈ ಅವೆಯಾ?"

"ಅವೆ. ಮೂರ್ನಾಕು ಕಡೆ."

ಜವರಪ್ಪ ತಲೆಯಾಡಿಸಿದ. ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಬಂದಂತಿತ್ತು.

"ನಾನು ಮೋಟ್ರು ಹಾಕೋಕೆ ತ್ವಾಟಕ್ಕೆ ಹೋಗಿದ್ದೆ. ಬಂದು ನೋಡ್ತೀನಿ, ಮುಂದಿನ ಚಕ್ರ ಬಿಚ್ಚಿಟ್ಟವ್ನೆ, ಗಾಡಿ ಮೂತಿ ನೆಲಕ್ಕೆ ಕಚ್ಚೈತೆ, ಕಾಲು ಈಚೆಗವೆ. ಒಳ್ಗೆ ಮಿಕ್ಸಿ ಸದ್ದು. ಯಾರ್ನೂ ಕರೀಲಿಲ್ಲ. ನಾನೇ ಜಾಕಿ ಕೊಟ್ಟು ಎತ್ತಿ, ಎಳ್ಕಂಡೆ. ಉಸ್ರಿರ್ಲಿಲ್ಲ. ನೋಡ್ದೆ. ಎರಡು ಸಲ ನೋಡ್ದೆ." ಮುದುಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅಂಗೈ ಎಲ್ಲ ಕಪ್ಪಗಿತ್ತು. ಬೆರಳ ತುದಿ ಕಿತ್ತೋಗಿತ್ತು. ನೋಡ್ತಿದ್ದಂಗೆ ಗೊತ್ತಾಯ್ತು, ಬೋ ಹೊತ್ತು ತಳ್ಳವ್ನೆ ಅಂತ. ಅವಳು ಬಂದು ಆ ಕೈ ನೋಡಿದ್ರೆ? ಬ್ರಶ್ಶು ತೊಳೆಯೋಕೆ ಸೀಮೆಎಣ್ಣೆ ಇಟ್ಕಂಡಿದ್ದ. ಅದ್ರಲ್ಲೇ ಎರಡೂ ಕೈ ತೊಳ್ದೆ. ನನ್ನ ಪಂಚೇಲಿ ಒರೆಸ್ದೆ. ಮೊದ್ಲು ಕೈ ತೊಳ್ದು, ಆಮೇಲೆ ಅವಳ್ನ ಕೂಗ್ದೆ."

ಬಸ್ಸೊಂದು ಬಂದು ನಿಂತು, ಯಾರೂ ಹತ್ತದ್ದನ್ನು ನೋಡಿ ಮುಂದಕ್ಕೆ ಹೋಯಿತು.

"ಗಾಡಿ ಕೆಳಗೆ ಬಗ್ಗಿ ನೋಡೋ ಧೈರ್ಯ ಬರ್ಲಿಲ್ಲ ಕಣಪ್ಪಾ. ಇರ್ತವೆ ಅಂತ ಗೊತ್ತಿತ್ತು. ಅದಕ್ಕೇ ಕಣ್ಮುಂದಿಂದ ಕಳಿಸ್ಬಿಟ್ಟೆ. ತೆಪ್ಪು ಮಾಡ್ದೆ. ನಿನ್ ತಲೆಗೆ ಕಟ್ದೆ."

"ನಾನು ಕೇಳ್ದೆ ಕೆರೆಯೋಕೆ ಮನಸ್ಸು ಬರ್ಲಿಲ್ಲ ಯಜಮಾನ್ರೆ. ನಿಮ್ಮನ್ನ ಕೇಳ್ಕಂಡು ಹೋಗಣ ಅಂತ ಬಂದೆ."

"ನೀನ್ ಕೆರೀಬ್ಯಾಡ" ಎಂದ ಜವರಪ್ಪ. "ನಾನೇ ಬತ್ತೀನಿ."

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮುದುಕ ಊರು ಕೇಳಿಕೊಂಡು ಬಂದ. ಮುನಿರತ್ನ ಕೊಟ್ಟ ಕಾಫಿ ಕುಡಿಯಲಿಲ್ಲ. "ಆಮೇಲೆ ತಾಯಿ" ಎಂದ. ಗಾಡಿಯ ಸುತ್ತ ಒಂದು ಸುತ್ತು ಬಂದು, ಒಂದೊಂದು ಸೈಜುಗಲ್ಲನ್ನೂ ಕಾಲಲ್ಲಿ ಒದ್ದು ನೋಡಿದ. ಹೆಗಲು ಕೊಟ್ಟು ಗಾಡಿಯನ್ನು ತಳ್ಳಿದ. ಅದು ಅಲುಗಲಿಲ್ಲ. ಮತ್ತೆ ತಳ್ಳಿದ. ಎಷ್ಟು ಸಲ ತಳ್ಳಿದನೆಂದರೆ ರಾಮಾಂಜಿನಪ್ಪ ಕೊನೆಗೆ ಅವನ ತೋಳು ಹಿಡಿದು, "ಗಟ್ಟಿಯಾಗೈತೆ ಯಜಮಾನ್ರೆ" ಎನ್ನಬೇಕಾಯಿತು.

ಶರ್ಟು ತೆಗೆದು ಹೊಂಗೆಯ ಕೊಂಬೆಗೆ ಹಾಕಿ ಮುದುಕ ಚೀಲದ ಮೇಲೆ ಮಲಗಿ ಒಳಗೆ ಸರಿದ. ರಾಮಾಂಜಿನಪ್ಪ ಬ್ಯಾಟರಿ ಹಿಡಿದು ಪಕ್ಕದಲ್ಲೇ ಮಲಗಿದ. ಬೆಳಕು ಆ ಜಾಗಕ್ಕೆ ಬಿದ್ದಾಗ ಜವರಪ್ಪನ ಎದೆ ಒಮ್ಮೆ ಮೇಲೆ ಹೋಗಿ ಹಾಗೇ ನಿಂತಿತು. ಆಮೇಲೆ ಅವನು ಕೈಯೆತ್ತಿ ಒಂದು ಬೆರಳಿನಿಂದ ಮಗನ ಅಂಗೈಯ ಸುತ್ತ ನಿಧಾನಕ್ಕೆ ಗೆರೆ ಎಳೆದ. ಹೆಬ್ಬೆರಳು, ತೋರುಬೆರಳು, ಒಂದೊಂದನ್ನೂ. ಕಿರುಬೆರಳ ಹತ್ತಿರ ನಿಲ್ಲಿಸಿದ.

"ಸಣ್ಣವ್ನಿದ್ದಾಗ ಕಬ್ಬಿನ ಗಾಣಕ್ಕೆ ಸಿಗಾಕ್ಕಂಡು ಈ ಬೆಳ್ಳು ಸೊಟ್ಟಗಾಗಿತ್ತು" ಎಂದ. ನಿಜ. ಒಣಗಿದ ಕಪ್ಪಿನಲ್ಲಿ ಆ ಒಂದು ಬೆರಳು ಹೊರಗೆ ಬಾಗಿತ್ತು. ರಾಮಾಂಜಿನಪ್ಪ ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

"ನಾನು ಮೋಟ್ರು ಹಾಕಿ ಅಲ್ಲೇ ಬೀಡಿ ಹಚ್ಚಿದ್ದೆ. ಒಂದು ಬೀಡಿ ಸೇದ್ದೆ ಕಣಪ್ಪಾ" ಎಂದ ಮುದುಕ, ತಗಡಿಗೆ ಹೇಳುವಂತೆ. ರಾಮಾಂಜಿನಪ್ಪ ಬ್ಯಾಟರಿಯನ್ನು ಅಲುಗಾಡದಂತೆ ಹಿಡಿದ.

ಜವರಪ್ಪ ತಂತಿ ಬ್ರಶ್ಶಿಗೆ ಕೈ ಚಾಚಿದ. ಮೊದಲು ಬರೀ ತಗಡಿನ ಮೇಲಿನ ಬೆರಳ ತುದಿಗಳು ಹೋದವು. ಆಮೇಲೆ ಜಾರಿದ ಕೈಗಳು. ಕಪ್ಪು ಪುಡಿ, ತುಕ್ಕಿನ ಪುಡಿ ಮುದುಕನ ಮುಖದ ಮೇಲೆ, ಕಣ್ಣಿನೊಳಗೆ ಬೀಳುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಕೇಳಲಿಲ್ಲ. ಕೊನೆಗೆ ಉಳಿದದ್ದು ಮೊದಲ ಎರಡು ಅಂಗೈ. ಬ್ರಶ್ಶನ್ನು ಎದೆಯ ಮೇಲಿಟ್ಟುಕೊಂಡು ಅವನು ತನ್ನೆರಡೂ ಅಂಗೈಗಳನ್ನು ಎತ್ತಿ, ಬೆನ್ನು ನೆಲದಿಂದ ಮೇಲೆತ್ತಿ, ಅವುಗಳ ಮೇಲೆ ಇಟ್ಟ. ಎಷ್ಟು ಹೊತ್ತು ಹಾಗೆ ಹಿಡಿದಿದ್ದನೋ, ತೋಳುಗಳು ನಡುಗತೊಡಗಿದವು. ರಾಮಾಂಜಿನಪ್ಪ ಅವನ ಬೆನ್ನ ಕೆಳಗೆ ಕೈ ಕೊಟ್ಟು ಆನಿಸಿ ಹಿಡಿದ. ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು. ಆಮೇಲೆ ಮುದುಕ ಕೈ ಇಳಿಸಿ, ಬ್ರಶ್ಶು ತೆಗೆದುಕೊಂಡು, ನಿಲ್ಲಿಸದೆ ಕೆರೆದ.

ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬೆಳ್ಳಗೆ ಹೊಳೆಯುವ ತಗಡು ಬಿಟ್ಟರೆ ಏನೂ ಇರಲಿಲ್ಲ. ಇಬ್ಬರೂ ಸೇರಿ ಉಪ್ಪುಕಾಗದದಲ್ಲಿ ತಿಕ್ಕಿ, ಒರೆಸಿ, ಕೋಟಿಂಗ್ ಬಳಿದರು. ವಿಜಯ್ ನಿಲ್ಲಿಸಿದ್ದ ಅಂಚಿನಿಂದ ಶುರುಮಾಡಿ ಮುಂದಿನ ಬಂಪರಿನವರೆಗೆ. ಒಣಗಿದ ಮೇಲೆ ಎರಡನೆಯ ಸಲ. ಕೈ ತೊಳೆಯಲು ಮುನಿರತ್ನ ಸೀಮೆಎಣ್ಣೆ ತಂದಿಟ್ಟಾಗ ಜವರಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಬ್ಯಾಡ ತಾಯಿ" ಎಂದ. ಕಪ್ಪಾದ ಕೈಗಳನ್ನು ಹಾಗೇ ಪಂಚೆಗೆ ಒರೆಸಿಕೊಂಡು, ತಣ್ಣಗಾಗಿದ್ದ ಕಾಫಿ ಕುಡಿದು ಬಸ್ಸಿಗೆ ಹೊರಟ. ಮನೆಯಲ್ಲಿ ಸೊಸೆ ಕೈ ನೋಡಿ ಕೇಳಿದರೆ ಏನು ಹೇಳುತ್ತಾನೆ ಎಂದು ರಾಮಾಂಜಿನಪ್ಪನಿಗೆ ಆಮೇಲೆ ಹೊಳೆಯಿತು.

ಅಂಗಾಲಿನಲ್ಲಿ ಒತ್ತಿದಂತಾಗುವುದು ನಿಂತುಹೋಗುತ್ತದೆ ಎಂದುಕೊಂಡಿದ್ದ. ನಿಲ್ಲಲಿಲ್ಲ. ಕಡಿಮೆಯಾಯಿತು ಅಷ್ಟೇ. ಗಾಡಿ ಖಾಲಿಯಾಗಿ ವಾಪಸು ಬರುವಾಗ, ರಸ್ತೆ ನುಣುಪಾಗಿರುವ ಕಡೆ, ಅದು ಬರುತ್ತಿತ್ತು. ಅವನು ಚಪ್ಪಲಿ ಬಿಟ್ಟು ಬೂಟು ಹಾಕಿ ನೋಡಿದ. ಕಾಲಡಿಗೆ ದಪ್ಪ ರಬ್ಬರ್ ಹಾಸಿ ನೋಡಿದ. ಕೊನೆಗೆ ಅದರೊಂದಿಗೇ ಓಡಿಸುವುದು ರೂಢಿಯಾಯಿತು. ಮಾರಿಬಿಡಿ ಎಂದು ಮುನಿರತ್ನ ಹೇಳಿದಳು. ಇನ್ನೊಬ್ಬನಿಗೆ ಹೇಳದೆ ಮಾರಲು ಮನಸ್ಸಿಲ್ಲ, ಹೇಳಿದರೆ ಕೊಳ್ಳುವವರಿಲ್ಲ.

ವಿಮಾನ ನಿಲ್ದಾಣ ಶುರುವಾಗಿ ಒಂದೂವರೆ ವರ್ಷದ ಮೇಲೆ, ಒಂದು ಬೆಳಿಗ್ಗೆ ಮಾರುಕಟ್ಟೆಯಿಂದ ಬರುವಾಗ, ದೇವನಹಳ್ಳಿ ರಸ್ತೆಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಕೈ ಅಡ್ಡ ಹಾಕಿದಳು. ನೀಲಿ ಸಮವಸ್ತ್ರ, ಕೊರಳಲ್ಲಿ ಗುರುತಿನ ಚೀಟಿ. ಆಶಾರಾಣಿ. ವಿಮಾನ ನಿಲ್ದಾಣದ ಅಡುಗೆಮನೆಯೊಂದರಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಂತೆ. ಕಂಪನಿಯ ವ್ಯಾನು ತಪ್ಪಿಹೋಗಿತ್ತು.

"ಗಾಡಿ ನೋಡ್ತಿದ್ದಂಗೆ ಗುರ್ತು ಸಿಕ್ತು ಅಣ್ಣ" ಎಂದು ಹತ್ತಿ ಕೂತಳು. ಮಾವನ ಆರೋಗ್ಯ, ಕೆಲಸದ ಪಾಳಿ ಎಂದು ಮಾತಾಡಿದಳು. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದಳು.

"ನಮ್ಮ ಮಾವ ಒಂದಿನ ನಿಮ್ಮನೆಗೆ ಬಂದಿದ್ರಲ್ವಾ? ಕೈಯೆಲ್ಲ ಕಪ್ಪು ಮಾಡ್ಕಂಡು ಬಂದ್ರು."

"ಹೂಂ ಕಣಮ್ಮ. ಕೋಟಿಂಗ್ ಹೊಡಿಯೋಕೆ ಜೊತೆ ಕೊಟ್ರು."

"ಗಾಡಿ ಕೆಳಗೆ ಏನಾದ್ರೂ ಇತ್ತಾ ಅಣ್ಣ?"

ರಾಮಾಂಜಿನಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಬೂಟಿನೊಳಗೆ ಎರಡೂ ಅಂಗಾಲು ಬೆಚ್ಚಗಾದವು.

"ತುಕ್ಕು ಇತ್ತು. ಬೇರೇನೂ ಇರ್ಲಿಲ್ಲ."

"ಮಾವನೂ ಹಂಗೇ ಅಂದ್ರು" ಎಂದಳು ಆಶಾರಾಣಿ.

ನಿಲ್ದಾಣದ ಗೇಟಿನ ಹತ್ತಿರ ಅವಳು ಇಳಿದಳು. ಬಾಗಿಲು ಹಾಕಿ, ಕಿಟಕಿಯಿಂದ ಬಗ್ಗಿ, "ನಿಧಾನಕ್ಕೆ ಹೋಗಿ ಅಣ್ಣ" ಎಂದು ಹೇಳಿ, ಸಾಲಿನಲ್ಲಿ ನಿಂತಿದ್ದ ಬೇರೆ ಹೆಂಗಸರ ಜೊತೆ ಸೇರಿಕೊಂಡಳು. ಹಿಂದಿನಿಂದ ಟ್ಯಾಕ್ಸಿಯವರು ಹಾರ್ನ್ ಹೊಡೆಯತೊಡಗಿದರು. ಅವಳು ಒಳಗೆ ಹೋಗಿ ಕಾಣದಾಗುವವರೆಗೂ ರಾಮಾಂಜಿನಪ್ಪ ಗಾಡಿ ತೆಗೆಯಲಿಲ್ಲ.